ಇದರ ಬಲಕ್ಕ ಯಾರಿದ್ದರು?

ಫೋಟೋ ಸುಳ್ಳು ಹೇಳೋದಿಲ್ಲ ಅಂತಾರೆ. ಇರಬಹುದು. ಆದರೆ ಯಾವ ಸತ್ಯ ಹೇಳಬೇಕು, ಯಾವುದನ್ನು ನುಂಗಬೇಕು ಅನ್ನೋದನ್ನ ಕ್ಯಾಮೆರಾ ಹಿಡಿದವನು ನಿರ್ಧರಿಸುತ್ತಾನೆ. ಪ್ರಶ್ನೆ ಇರುವುದು ಅಲ್ಲಿ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿತು. ಬಾದಾಮಿ ತಾಲೂಕಿನ ಪಟ್ಟದಕಲ್ಲಿನ ಗುಡಿಗಳು ನೀರಿನಲ್ಲಿ ನಿಂತ ಚಿತ್ರ ದೇಶವನ್ನೆಲ್ಲ ಸುತ್ತಿತು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿದ ಗುಡಿಗಳು. ನೋಡಿದವರೆಲ್ಲ ಅಯ್ಯೋ ಅಂದರು. ಅನ್ನಬೇಕಾದದ್ದೇ. ಆ ಕಲ್ಲು ಕಡಿದ ಕೈಗಳೂ ದುಡಿಯುವವರವೇ. ಆದರೆ ಅದೇ ಹೊಳೆಸಾಲಿನಲ್ಲಿ ಕುಸಿದ ಮಣ್ಣಿನ ಗೋಡೆಗಳು, ತೊಯ್ದ ಜೋಳದ ಚೀಲಗಳು, ನೀರು ಹೊಕ್ಕ ಮಗ್ಗಗಳು? ಅವನ್ನ ಎಷ್ಟು ಮಂದಿ ಕಂಡರು? ನೀರು ಇಳಿದ ಮೇಲೆ ಕಲ್ಲು ಹಾಗೇ ನಿಂತಿತ್ತು. ಮಣ್ಣು ನಿಲ್ಲಲಿಲ್ಲ.

ಆ ಚಿತ್ರ ಇನ್ನೊಂದನ್ನೂ ಮರೆಸಿತು. ನೀರು ಬರೀ ಮುಗಿಲಿನಿಂದ ಬರಲಿಲ್ಲ. ನವಿಲುತೀರ್ಥದ ಅಣೆಕಟ್ಟೆಯಿಂದಲೂ ಬಿಟ್ಟರು. ಮೊದಲೇ ಸ್ವಲ್ಪ ಸ್ವಲ್ಪ ಬಿಡಬಹುದಿತ್ತೇ? ಇದು ಕೇಳಬೇಕಾದ ಮಾತು. ಗುಡಿಯ ಚಿತ್ರ ನೋಡಿದವನಿಗೆ ಎಲ್ಲ ಪ್ರಕೃತಿಯ ಮುನಿಸು. ಮುನಿಸಿನ ಹತ್ತಿರ ಯಾರು ಜವಾಬು ಕೇಳ್ತಾರೆ?

ಈ ಕಣ್ಣು ಇವತ್ತಿನದಲ್ಲ. ಧಾರವಾಡ, ಮೈಸೂರು ಸೀಮೆಯ ವಾಸ್ತುಶಿಲ್ಪದ ಫೋಟೋ ಪುಸ್ತಕವೊಂದು 1866ರಲ್ಲಿ ಲಂಡನ್ನಿನಲ್ಲಿ ಹೊರಬಂತು. ಬಾದಾಮಿ, ಪಟ್ಟದಕಲ್ಲು, ಹುನಗುಂದ ಕಡೆಯ ಐಹೊಳೆಯ ಗುಡಿಗಳೂ ಅದರಲ್ಲಿದ್ದವು. ಬಿಗ್ಸ್, ನೀಲ್, ಪಿಗೂ ಅಂತ ತೆಗೆದವರ ಹೆಸರು ಉಳಿದಿವೆ. ಆ ಕಾಲದ ಇಂಥ ಫೋಟೋಗಳಲ್ಲಿ ಕಂಬದ ಮಗ್ಗುಲಿಗೆ ಊರಿನವನೊಬ್ಬನನ್ನ ನಿಲ್ಲಿಸೋದು ರೂಢಿ, ಕಂಬ ಎಷ್ಟೆತ್ತರ ಅಂತ ತಿಳಿಯಲಿಕ್ಕೆ. ಅವನ ಹೆಸರನ್ನ ಬರೆದುಕೊಳ್ಳುವ ರೂಢಿ ಇರಲಿಲ್ಲ. ಮನುಷ್ಯ ಅಳತೆಗೋಲಾದ.

ನೆರೆಯ ನಂತರ ಏನಾಯಿತು? ಮನೆ ಬಿದ್ದವರು ಪರಿಹಾರದ ಕಂತು ಪಡೆಯಲು ಪಾಯ, ಗೋಡೆ, ಚಾವಣಿ ಅಂತ ಹಂತಹಂತಕ್ಕೆ ಜಿಪಿಎಸ್ ಫೋಟೋ ಕೊಡಬೇಕಾಯಿತು. ನಾಡಿನ ದುಃಖದ ಚಿತ್ರದಲ್ಲಿ ಇಲ್ಲದವನು ಸರಕಾರದ ಸಂಶಯದ ಚಿತ್ರದಲ್ಲಿ ಮಾತ್ರ ಇದ್ದ. ಕ್ಯಾಮೆರಾ ಗುಡಿಗೆ ಮರುಗಿತು. ಬಡವನನ್ನ ತಪಾಸು ಮಾಡಿತು.

ಹಾಗಂತ ಕ್ಯಾಮೆರಾ ಒಡೆಯಬೇಕೆ? ಬೇಡ. ಮೊಬೈಲು ಈಗ ಕೇರಿಗೂ ಬಂದಿದೆ. ನಮ್ಮ ಚಿತ್ರ ನಾವೇ ತೆಗೆಯೋಣ. ಊರು, ದಿನ, ನೀರು ಬಂದ ಹೊತ್ತು ಬರೆದಿಡೋಣ. ಮನೆಯವರನ್ನ ಕೇಳಿಯೇ ಅವರ ಹೆಸರು ಹಾಕೋಣ. ಅಳುವ ಮುಖ ಮಾರುವ ಸರಕಾಗಬಾರದು.

ಮತ್ತೆ ಯಾರಾದರೂ ಪಟ್ಟದಕಲ್ಲಿನ ಆ ಚಿತ್ರ ತೋರಿಸಿದರೆ, ಖರೆ ಐತಿ ಅನ್ನೋಣ. ಅಂದು ಕೇಳೋಣ: ಇದರ ಎಡಕ್ಕ ಏನಿತ್ತು? ಬಲಕ್ಕ ಯಾರಿದ್ದರು?