ಲ್ಯಾಬಿನ ಮಾತನ್ನು ಏಕೆ ನಂಬಬೇಕು?

ಮಾತ್ರೆ ನುಂಗುವ ರೋಗಿಗೆ ಅದರಲ್ಲಿ ಇರಬೇಕಾದ ಮದ್ದು ಇರಬೇಕಾದಷ್ಟೇ ಇದೆ ಎಂದು ಕಣ್ಣಾರೆ ಕಂಡು ತಿಳಿಯಲು ಬರುವುದಿಲ್ಲ, ಊಹಿಸಿ ತಿಳಿಯುವ ದಾರಿಯೂ ಇಲ್ಲ. ಎಲ್ಲೋ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಯಾರೋ ಆ ಬ್ಯಾಚನ್ನು ಪರೀಕ್ಷಿಸಿ ಹೇಳಿದ ಮಾತೊಂದೇ ಅವನಿಗೆ ಆಧಾರ. ನಮ್ಮ ತರ್ಕಶಾಸ್ತ್ರದಲ್ಲಿ ಇದು ಪ್ರತ್ಯಕ್ಷವೂ ಅಲ್ಲ, ಅನುಮಾನವೂ ಅಲ್ಲ, ಶಬ್ದಪ್ರಮಾಣ. ಇಂದು ಆ ಮಾತು ಬರುವುದು ಬಹುಪಾಲು ಲಿಮ್ಸ್ ಎಂದು ಲ್ಯಾಬಿನವರು ಕರೆಯುವ ತಂತ್ರಾಂಶದ ಮೂಲಕ. ಸ್ಯಾಂಪಲ್ ಒಳಗೆ ಬಂದೊಡನೆ ಅದಕ್ಕೆ ಬಾರ್‌ಕೋಡ್ ಅಂಟುತ್ತದೆ. ಯಾವ ಪರೀಕ್ಷೆ, ಯಾರ ಕೈಯಲ್ಲಿ, ಯಾವ ಉಪಕರಣದ ಮೇಲೆ, ಎಷ್ಟು ಗಂಟೆಗೆ ಎಂಬುದೆಲ್ಲ ದಾಖಲಾಗುತ್ತದೆ. ಫಲಿತಾಂಶವನ್ನು ಇನ್ನೊಬ್ಬರು ನೋಡಿ ಒಪ್ಪಿದ ಮೇಲೆಯೇ ಬ್ಯಾಚ್ ಹೊರಗೆ ಹೋಗುತ್ತದೆ. ಇಂಥ ದಾಖಲೆಯನ್ನು ನಂಬಲು ನಮಗೆ ನಿಜವಾಗಿ ಏನು ಆಧಾರ ಎಂಬುದು ತಾಂತ್ರಿಕ ಪ್ರಶ್ನೆಯಂತೆ ಕಂಡರೂ ಪ್ರಾಮಾಣ್ಯದ ಹಳೆಯ ಪ್ರಶ್ನೆಯೇ.

ಮಾತಿನ ನಂಬಿಕೆ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ನೈಯಾಯಿಕರಿಗೂ ಮೀಮಾಂಸಕರಿಗೂ ಶತಮಾನಗಳ ಜಗಳವಿತ್ತು. ವೇದಕ್ಕೆ ಕರ್ತೃವೇ ಇಲ್ಲ, ಹಾಗಾಗಿ ಕರ್ತೃವಿನ ಮರೆವು, ಮೋಹ, ವಂಚನೆ ಅದನ್ನು ಮುಟ್ಟಲಾರವು ಎಂದು ಮೀಮಾಂಸಕರು ವಾದಿಸಿದರು. ನೈಯಾಯಿಕರಿಗೆ ಮಾತಿನ ಬಲ ಆಡಿದವನಲ್ಲಿದೆ. ವಿಷಯವನ್ನು ನೇರವಾಗಿ ಅರಿತು, ಅರಿತದ್ದನ್ನು ಇದ್ದಂತೆ ತಿಳಿಸುವ ಇಚ್ಛೆಯುಳ್ಳವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವರಲ್ಲೊಬ್ಬನಾದ ವಾತ್ಸ್ಯಾಯನ ವಿವರಿಸಿದ. ಲಿಮ್ಸ್ ಮಾರುವವರು ಅದನ್ನು ಹೊಗಳುವ ರೀತಿ ಮೀಮಾಂಸಕರದು: ಉಪಕರಣದಿಂದ ಅಂಕಿ ನೇರವಾಗಿ ಬರುತ್ತದೆ, ನಡುವೆ ಮನುಷ್ಯನ ಕೈ ಇಲ್ಲ, ಆದ್ದರಿಂದ ದೋಷವಿಲ್ಲ. ಈ ಹೊಗಳಿಕೆ ನಿಲ್ಲುವುದಿಲ್ಲ. ಸ್ಯಾಂಪಲ್ ತೂಗಿದ್ದು ಕೈ, ದ್ರಾವಣ ಮಾಡಿದ್ದು ಕೈ, ಕ್ರೊಮ್ಯಾಟೋಗ್ರಾಂನ ಶಿಖರ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ಎಷ್ಟೋ ಸಲ ಗೆರೆ ಎಳೆಯುವುದೂ ಕೈಯೇ. ಕಾನೂನು ಕೂಡ ಅಪೌರುಷೇಯತ್ವವನ್ನು, ಅಂದರೆ ಕರ್ತೃವೇ ಇಲ್ಲದಿರುವುದನ್ನು, ಕೇಳಿಲ್ಲ. 1997ರ ಆಗಸ್ಟಿನಲ್ಲಿ ಜಾರಿಗೆ ಬಂದ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಯಮ, ಪಾರ್ಟ್ 11 ಎಂದು ಔಷಧೋದ್ಯಮ ಬಲ್ಲದ್ದು, ಇದಕ್ಕೆ ವಿರುದ್ಧವಾದದ್ದನ್ನೇ ಕೇಳುತ್ತದೆ. ದಾಖಲೆಯನ್ನು ಬರೆದವರು, ಬದಲಿಸಿದವರು, ಅಳಿಸಿದವರು ಯಾರು, ಯಾವಾಗ ಎಂಬುದನ್ನು ಕಂಪ್ಯೂಟರೇ ಸಮಯದ ಸಮೇತ ಬರೆದಿಡಬೇಕು. ಹೊಸ ಬದಲಾವಣೆ ಹಳೆಯ ಬರಹವನ್ನು ಮರೆಮಾಡಕೂಡದು. ಲ್ಯಾಬಿನವರ ಬಾಯಲ್ಲಿ ಇದು ಆಡಿಟ್ ಟ್ರೇಲ್. ಒಂದೊಂದು ಅಂಕಿಗೂ ಒಬ್ಬ ಪುರುಷನನ್ನು ಕಟ್ಟಿಹಾಕುವ ಏರ್ಪಾಡಿದು.

ಹಾಗಾದರೆ ನೈಯಾಯಿಕರೇ ಗೆದ್ದರೆ? ಪೂರ್ತಿ ಅಲ್ಲ. ಸಹಿ ಹಾಕಿದವನು ಆಪ್ತನೋ ಅಲ್ಲವೋ ಎಂದು ದೂರದ ರೋಗಿ ತಿಳಿಯುವ ಬಗೆ ಯಾವುದು? ಇಲ್ಲಿ ನನಗೆ ದಾರಿ ತೋರುವುದು ಏಳನೆಯ ಶತಮಾನದ ಮೀಮಾಂಸಕ ಕುಮಾರಿಲ ಭಟ್ಟ. ಅವನ ಪ್ರಕಾರ ಜ್ಞಾನ ಹುಟ್ಟಿದಾಗಲೇ ಪ್ರಮಾಣ. ಅದನ್ನು ಕೈಬಿಡಬೇಕಾದುದು ಎರಡು ಕಾರಣಕ್ಕೆ ಮಾತ್ರ. ಒಂದು, ಅದನ್ನು ಬಾಧಿಸುವ ಇನ್ನೊಂದು ಜ್ಞಾನ ಬರಬೇಕು. ಇಲ್ಲವೇ ಅದು ಹುಟ್ಟಿದ ಕಾರಣದಲ್ಲೇ ದೋಷವಿತ್ತೆಂದು ಗೊತ್ತಾಗಬೇಕು. ನಾವು ಬದುಕುವುದೂ ಹೀಗೆಯೇ, ಸಂಶಯಕ್ಕೆ ಕಾರಣ ಸಿಗುವವರೆಗೆ ನಂಬುತ್ತ. ಇದರೊಳಗೊಂದು ಹೇಳದ ಷರತ್ತಿದೆ, ನನ್ನ ವಾದ ನಿಂತಿರುವುದು ಅದರ ಮೇಲೆ. ದೋಷವಿದ್ದರೆ ಅದು ಕಾಣಿಸಿಕೊಳ್ಳುವ ದಾರಿ ತೆರೆದಿದ್ದಾಗ ಮಾತ್ರ 'ದೋಷ ಕಂಡಿಲ್ಲ, ಆದ್ದರಿಂದ ನಂಬುತ್ತೇನೆ' ಎಂಬ ಮಾತಿಗೆ ಅರ್ಥ. ದಾರಿಯನ್ನೇ ಯಾರೋ ಮುಚ್ಚಿಟ್ಟಿದ್ದರೆ ದೋಷ ಕಾಣದಿರುವುದು ಯಾವುದಕ್ಕೂ ಸಾಕ್ಷಿಯಲ್ಲ. ಲಿಮ್ಸ್‌ನ ನಿಜವಾದ ಕೆಲಸ ಆ ದಾರಿಯನ್ನು ತೆರೆದಿಡುವುದು. ಅದು ಸತ್ಯವನ್ನು ಹುಟ್ಟಿಸಲಾರದು. ಅಂಕಿಯ ಹಿಂದಿನ ದೋಷವನ್ನು ತಿಳಿಯಲು ಬರುವಂತೆ ಇಡಬಲ್ಲದು. ನಂಬುವ ಹಕ್ಕು ರೋಗಿಗೆ ಸಿಗುವುದು ಅಷ್ಟರಿಂದ.

ಎರಡು ಪ್ರಕರಣಗಳಲ್ಲಿ ಇದು ಸ್ಪಷ್ಟವಾಗುತ್ತದೆ. 1993ರಲ್ಲಿ ಬಾರ್ ಲ್ಯಾಬೊರೇಟರೀಸ್ ಎಂಬ ಔಷಧ ಕಂಪನಿಯ ವಿರುದ್ಧದ ಮೊಕದ್ದಮೆಯಲ್ಲಿ ಅಮೆರಿಕದ ನ್ಯಾಯಾಧೀಶರು, ಮಿತಿಯಾಚೆ ಬಂದ ಫಲಿತಾಂಶಕ್ಕೆ ಕಾರಣ ಹುಡುಕದೆ, ಒಪ್ಪುವ ಅಂಕಿ ಬರುವವರೆಗೆ ಮತ್ತೆ ಮತ್ತೆ ಪರೀಕ್ಷಿಸುವುದು ಸಲ್ಲದೆಂದು ತೀರ್ಪಿತ್ತರು. ಅಲ್ಲಿ ಕೊನೆಯ ಅಂಕಿ ಸುಳ್ಳಾಗಿರಲೇಬೇಕಿಲ್ಲ. ಉಪಕರಣ ಅದನ್ನು ನಿಜವಾಗಿಯೇ ತೋರಿಸಿರಬಹುದು. ಆದರೆ ಅದನ್ನು ಬಾಧಿಸುವ ಹಿಂದಿನ ಅಂಕಿಯನ್ನು ಬದಿಗೆ ಸರಿಸಿದ ಮೇಲೆ ಆ ನಿಜಕ್ಕೆ ಪ್ರಮಾಣದ ಬೆಲೆ ಉಳಿಯುವುದಿಲ್ಲ. ಇನ್ನೊಂದು ನಮ್ಮ ದೇಶಕ್ಕೇ ನೋವು ತಂದ ರ‍್ಯಾನ್‌ಬ್ಯಾಕ್ಸಿ ಪ್ರಕರಣ. 2013ರ ಮೇ ತಿಂಗಳಲ್ಲಿ ಆ ಔಷಧ ಕಂಪನಿಯ ಅಮೆರಿಕದ ಅಂಗಸಂಸ್ಥೆ ತಪ್ಪೊಪ್ಪಿಕೊಂಡು, ಒಟ್ಟು 50 ಕೋಟಿ ಡಾಲರ್ ತೆರಲು ಒಪ್ಪಿತು. ಒಪ್ಪಿಕೊಂಡದ್ದರಲ್ಲಿ ಸ್ಥಿರತಾ ಪರೀಕ್ಷೆಗಳ ದಿನಾಂಕದ ಸುಳ್ಳೂ ಸೇರಿತ್ತು. ಔಷಧ ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂದು ತಿಳಿಯಲು ತಿಂಗಳುಗಳ ಅಂತರದಲ್ಲಿ ಮಾಡಬೇಕಾದ ಕೆಲವು ಪರೀಕ್ಷೆಗಳನ್ನು ಒಂದೇ ದಿನ ಅಥವಾ ಕೆಲವೇ ದಿನಗಳಲ್ಲಿ ಮಾಡಿ, ಹೊಂದುವ ದಿನಾಂಕಗಳನ್ನು ವರದಿಯಲ್ಲಿ ಬರೆಯಲಾಗಿತ್ತು. ಕಾಲವನ್ನೇ ಅಳೆಯಬೇಕಾದ ಪರೀಕ್ಷೆಯಲ್ಲಿ ಕಾಲವೇ ಸುಳ್ಳಾಗಿತ್ತು. ಬರೆಯುವವನು ದಿನಾಂಕ ತುಂಬದೆ ಯಂತ್ರ ಮುದ್ರೆಯೊತ್ತಬೇಕು ಎಂಬ ನಿಯಮ ಕಾಗದ-ಪತ್ರದ ಹಟವಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಡ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ದಾಖಲೆಯನ್ನು ಕಾಯಲು ಆಡಿಟ್ ಟ್ರೇಲ್, ಅದನ್ನು ಓದಲು ಗುಣಮಟ್ಟ ವಿಭಾಗ, ಅವರನ್ನು ನೋಡಲು ಸರ್ಕಾರದ ಇನ್‌ಸ್ಪೆಕ್ಟರ್, ಅವರನ್ನು ನೋಡುವವರಾರು? ಶಾಸ್ತ್ರದಲ್ಲಿ ಇದನ್ನು ಅನವಸ್ಥೆ ಎನ್ನುತ್ತಾರೆ, ಎಲ್ಲಿಯೂ ನೆಲೆ ನಿಲ್ಲದ ಸರಣಿ. ಕುಮಾರಿಲನಿಗೆ ಇದು ಗೊತ್ತಿತ್ತು. ಮೂರು-ನಾಲ್ಕು ಜ್ಞಾನಗಳಾಚೆ ಇನ್ನೊಂದನ್ನು ಬೇಡುವ ಅಗತ್ಯವಿಲ್ಲ ಎಂದ. ಪರೀಕ್ಷಿಸಿದವರು, ಪರಿಶೀಲಿಸಿದವರು, ಒಪ್ಪಿಗೆ ಕೊಟ್ಟವರು ಎಂಬ ಲ್ಯಾಬಿನ ಮೆಟ್ಟಿಲುಗಳೂ ಹೆಚ್ಚುಕಡಿಮೆ ಅಷ್ಟೇ. ಉಡುಪಿಯ ಮಧ್ವರು ಸರಣಿಯನ್ನು ಇನ್ನೂ ಒಳಗೆ ನಿಲ್ಲಿಸಿದರು: ಜ್ಞಾನದ ಪ್ರಾಮಾಣ್ಯವನ್ನು ಗ್ರಹಿಸುವುದು ಆತ್ಮನದೇ ಆದ ಸಾಕ್ಷಿ, ಸಂಶಯ ಎದ್ದಾಗ ಅದಕ್ಕೆ ಪರೀಕ್ಷೆ ಸಹಾಯಕ. ಪರೀಕ್ಷೆ ಬೇಕೇ ಬೇಕು, ಆದರೆ ಕೊನೆಯ ಮಾತು ಅದರದಲ್ಲ. ಈ ತಾರತಮ್ಯವನ್ನು ತಂತ್ರಾಂಶಕ್ಕೂ ಹಚ್ಚಬಹುದೆಂದು ನನಗೆ ತೋರುತ್ತದೆ. ಆಡಿಟ್ ಟ್ರೇಲ್ ಪರೀಕ್ಷೆಯ ಸ್ಥಾನದಲ್ಲಿದೆ. ಅದನ್ನು ತೆರೆದು ಓದುವ ಮನಸ್ಸಿನಲ್ಲಿ ಸತ್ಯದ ಬಗ್ಗೆ ಕಾಳಜಿಯೇ ಇಲ್ಲದಿದ್ದರೆ, ಸಾವಿರ ಸಾಲುಗಳ ಆ ಪಟ್ಟಿ ಬರೀ ಪಟ್ಟಿಯಾಗಿ ಬಿದ್ದಿರುತ್ತದೆ.

ಇದನ್ನೇ ಹಿಡಿದು ಎದುರಾಳಿ ಇನ್ನೊಂದು ಹೆಜ್ಜೆ ಇಡಬಹುದು. ಮೊದಲ ನಮೂದೇ ಕಟ್ಟುಕಥೆಯಾದರೆ? ಅಮೆರಿಕದ ಮಸಾಚುಸೆಟ್ಸ್ ರಾಜ್ಯದ ಮಾದಕವಸ್ತು ಲ್ಯಾಬಿನಲ್ಲಿ ವಿಶ್ಲೇಷಕಿಯೊಬ್ಬರು ಎಷ್ಟೋ ಸ್ಯಾಂಪಲ್‌ಗಳನ್ನು ಪರೀಕ್ಷಿಸದೆ, ಕಣ್ಣಂದಾಜಿನಲ್ಲೇ ಫಲಿತಾಂಶ ಬರೆದಿದ್ದರು. ಇದರಿಂದಾಗಿ 2017ರಲ್ಲಿ 21,000ಕ್ಕೂ ಹೆಚ್ಚು ಕ್ರಿಮಿನಲ್ ಪ್ರಕರಣಗಳು ರದ್ದಾದವು. ಇಂಥ ಸುಳ್ಳನ್ನೂ ತಂತ್ರಾಂಶ ನಿಷ್ಠೆಯಿಂದ ಜೋಪಾನ ಮಾಡೀತು, ನಿಜ. ಆದರೂ ಉಪಕರಣ ನಡೆಸಿದ ಪರೀಕ್ಷೆಗೂ ಫಲಿತಾಂಶಕ್ಕೂ ಕೊಂಡಿಯಿರುವ ವ್ಯವಸ್ಥೆಯಲ್ಲಿ, ಪರೀಕ್ಷೆಯೇ ನಡೆಯದ ಫಲಿತಾಂಶ ಒಂಟಿಯಾಗಿ ಎದ್ದು ಕಾಣುತ್ತದೆ. ತಡೆಯಲಾಗದ್ದನ್ನೂ ಬೇಗ ಬಯಲಿಗೆ ತರುವುದು ಸಣ್ಣ ಸಂಗತಿಯಲ್ಲ. ಸುಳ್ಳು ಫಲಿತಾಂಶದ ಮೇಲೆ ಜೈಲು ಸೇರಿದವನಿಗೆ ಒಂದೊಂದು ತಿಂಗಳೂ ಲೆಕ್ಕಕ್ಕಿದೆ.

ಕಾವಲಿನಲ್ಲಿ ಆಡಿದ ಸತ್ಯ ಧರ್ಮವಾದೀತೇ ಎಂದು ಕೇಳುವವರ ಆತಂಕ ನನಗೆ ಅರ್ಥವಾಗುತ್ತದೆ. ಒಬ್ಬನ ಅಂತರಂಗದ ಶುದ್ಧಿಯನ್ನು ಅಳೆಯುವಾಗ ಆ ಪ್ರಶ್ನೆ ಸರಿ. ಆದರೆ ಸತ್ಯವಚನದಲ್ಲಿ ಆಡುವವನಷ್ಟೇ ಕೇಳುವವನಿಗೂ ಪಾಲಿದೆ. ಮಾತ್ರೆ ನುಂಗುವವನಿಗೆ ಸಲ್ಲಬೇಕಾದದ್ದು ವಿಶ್ಲೇಷಕನ ಪುಣ್ಯವಲ್ಲ, ಸರಿಯಾದ ಅಂಕಿ. ಕಾವಲಿನ ಭಯಕ್ಕಿಂತ ನನಗೆ ಹೆಚ್ಚು ಕಳವಳ ತರುವುದು ತಿದ್ದುಪಡಿಯ ಬಗೆಗಿನ ಭಯ. ಹಳೆಯ ಅಂಕಿ, ಹೊಸ ಅಂಕಿ, ಬದಲಿಸಿದ ಕಾರಣ ಮೂರೂ ಉಳಿಯುವ ವ್ಯವಸ್ಥೆ ತಪ್ಪನ್ನು ಮರ್ಯಾದೆಯಿಂದ ಒಪ್ಪಿಕೊಳ್ಳಲು ಜಾಗ ಕೊಡುತ್ತದೆ. ಆ ಸಾಲುಗಳನ್ನು ಕಂಡೊಡನೆ ಮೇಲಿನವರು ದಂಡಿಸತೊಡಗಿದರೆ, ಕೆಳಗಿನವರು ಮೊದಲು ಹರಕು ಚೀಟಿಯಲ್ಲಿ ಬರೆದು ನೋಡಿ, ಸರಿಬಂದದ್ದನ್ನು ಮಾತ್ರ ಕಂಪ್ಯೂಟರಿಗೆ ಏರಿಸುತ್ತಾರೆ. ಒಬ್ಬರ ಪಾಸ್‌ವರ್ಡನ್ನು ನಾಲ್ವರು ಬಳಸುತ್ತಾರೆ. ಆಗ ಆಡಿಟ್ ಟ್ರೇಲ್ ಒಂದು ಕಲೆಯೂ ಇಲ್ಲದೆ ಸ್ವಚ್ಛವಾಗಿರುತ್ತದೆ. ಅನುಭವಿ ಇನ್‌ಸ್ಪೆಕ್ಟರ್‌ಗೆ ಮೊದಲು ಸಂಶಯ ಹುಟ್ಟಬೇಕಾದದ್ದು ಅಂಥ ಸ್ವಚ್ಛತೆಯ ಮೇಲೆಯೇ.