ಮನೆ ತೋರಿಸುವ ಶಾಸ್ತ್ರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ಮನೆ ಮಾರುವ ಕಷ್ಟ ತಿಳಿದಿರಲಿಲ್ಲವೆಂದು ಕಾಣುತ್ತದೆ. ಬೆಂಗಳೂರಿನ ಸದಾಶಿವನಗರದಲ್ಲಿರುವ ನನ್ನ ಅಕ್ಕನ ಮನೆ ದೊಡ್ಡದು. ಭಾವ ತೀರಿಕೊಂಡರು, ಮಕ್ಕಳಿಬ್ಬರೂ ಹೊರದೇಶದಲ್ಲಿದ್ದಾರೆ. ಮಾರುವುದೆಂದು ನಿಶ್ಚಯವಾದ ಮೇಲೆ ಫೋಟೋ, ವಿಡಿಯೋ ತೆಗೆಯಲು ಒಬ್ಬ ತರುಣ ಬಂದ. ನಾನು ಎರಡು ದಿನ ಅವನ ಕೂಲಿಯಾಳಾದೆ.

ಆತ ವಿನಯವಂತ, ಕೆಲಸದಲ್ಲಿ ಮಾತ್ರ ನಿರ್ದಾಕ್ಷಿಣ್ಯ. "ಇಲ್ಲಿ ಯಾರೂ ವಾಸವಾಗಿಲ್ಲ ಅನ್ನೋ ಹಾಗಿರಬೇಕು, ಅಮ್ಮಾ" ಎಂದ. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಹಾಲಿನ ಲೆಕ್ಕ, ಗುಳಿಗೆಯ ಡಬ್ಬಿ, ಬಚ್ಚಲಿನ ಬಕೆಟ್ಟು ಚೊಂಬು, ಮೆಟ್ಟಿಲ ಬಳಿಯ ಚಪ್ಪಲಿ, ಹಾರ ಹಾಕಿದ ಭಾವನವರ ಪಟ, ಎಲ್ಲವೂ ಹಿತ್ತಲ ಕೋಣೆ ಸೇರಿದವು. ಕಮೋಡಿನ ಮುಚ್ಚಳ ಹಾಕಬೇಕು, ಫ್ಯಾನು ನಿಲ್ಲಿಸಬೇಕು, ಹಗಲಿನಲ್ಲೂ ದೀಪ ಹಚ್ಚಬೇಕು. ಕಿಟಕಿಯ ಹೊರಗಿನ ಬೆಳಕೂ ಒಳಗಿನ ನೆರಳೂ ಒಂದೇ ಚಿತ್ರದಲ್ಲಿ ಸರಿಯಾಗಿ ಬೀಳುವುದಿಲ್ಲವಾದ್ದರಿಂದ, ಅದೇ ನೋಟವನ್ನು ಬೇರೆ ಬೇರೆ ಬೆಳಕಿನ ಅಳತೆಯಲ್ಲಿ ಮೂರೋ ಐದೋ ಬಾರಿ ತೆಗೆದು ಬೆಸೆಯುತ್ತಾರೆ. 16 ಮಿಲಿಮೀಟರಿನ ಮಸೂರದಲ್ಲಿ ಹತ್ತಡಿಯ ಕೋಣೆ ಕಲ್ಯಾಣಮಂಟಪವಾಗುತ್ತದೆ. ಸೂರ್ಯ ಮುಳುಗಿ ಆಕಾಶ ಇನ್ನೂ ನೀಲಿಯಾಗಿರುವ ಹೊತ್ತಿನಲ್ಲಿ ಬೀದಿಯಿಂದ ತೆಗೆದ ಚಿತ್ರ ನೋಡಿ ಅಕ್ಕ, "ಇದು ಯಾರ ಮನೆಯೋ?" ಎಂದಳು.

ಹೆಣ್ಣು ತೋರಿಸುವಾಗ ರೇಷ್ಮೆ ಸೀರೆ ಉಡಿಸುವುದಿಲ್ಲವೆ? (ಹೋಲಿಕೆಗಾಗಿ ನನ್ನ ವಿದ್ಯಾರ್ಥಿನಿಯರು ಕ್ಷಮಿಸಬೇಕು.) ಆಕೆ ದಿನವೂ ಹೀಗಿರಳೆಂದು ಬಂದವರಿಗೂ ಗೊತ್ತು. ನೋಡುವವನಿಗೆ ತಿಳಿದಿರುವ ಅಲಂಕಾರ ಸುಳ್ಳಲ್ಲ. ಹೀಗೆಂದು ಸಮಾಧಾನ ಮಾಡಿಕೊಂಡು ಮಹಡಿ ಹತ್ತಿದೆ.

ಅಲ್ಲಿನ ಒಂದು ಗೋಡೆಗೆ ಪ್ರತಿ ಮಳೆಗಾಲವೂ ತೇವ ಇಳಿಯುತ್ತದೆ. ಎರಡು ಬಾರಿ ರಿಪೇರಿಯಾದರೂ ನಿಂತಿಲ್ಲ. ಹೊಸ ಬಣ್ಣದ ಕೆಳಗೂ ಒಂದು ಕಂದು ನೆರಳು. "ಕಂಪ್ಯೂಟರಿನಲ್ಲಿ ಅಳಿಸಬಹುದು ಸಾರ್, ಇಲ್ಲದಿದ್ದರೆ ಆ ಬೀರು ಇತ್ತ ಸರಿಸಿ" ಎಂದ ತರುಣ. ಅಳಿಸುವುದು ಮೋಸವೆಂದು ನಾನು ಬೀರು ಸರಿಸಿದೆ. ಚಿತ್ರದಲ್ಲಿ ಸುಳ್ಳಿನ ಒಂದು ಗೆರೆಯೂ ಇಲ್ಲ. ಬೀರು ನಿಜವಾಗಿಯೂ ಅಲ್ಲೇ ಇದ್ದಿತು!

ಧರ್ಮರಾಯ ಹೇಳಿದ ಆನೆಯೂ ನಿಜವಾಗಿ ಸತ್ತಿತ್ತು. ಆದರೂ ನೆಲದಿಂದ ನಾಲ್ಕು ಬೆರಳು ಮೇಲೆ ಚಲಿಸುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ವ್ಯಾಸರವರೆಗೆ ಹೋಗುವುದೂ ಬೇಡ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣವು, ಮಾರುವವನಿಗೆ ತಿಳಿದಿದ್ದು ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾರದ ಮುಖ್ಯ ದೋಷವನ್ನು ಬಾಯಿಬಿಟ್ಟು ಹೇಳಬೇಕೆನ್ನುತ್ತದೆ. ಸುಮ್ಮನಿರುವುದೂ ಅಲ್ಲಿ ತಪ್ಪೇ. ಚಪ್ಪಲಿ ಬಚ್ಚಿಟ್ಟದ್ದಕ್ಕೂ ತೇವ ಬಚ್ಚಿಟ್ಟದ್ದಕ್ಕೂ ಇರುವ ಅಂತರ ಆಗ ನನಗೆ ಹೊಳೆಯಿತು: ಚಪ್ಪಲಿ ನಮ್ಮೊಡನೆ ಹೊರಡುತ್ತದೆ, ತೇವ ಬಂದವರಿಗೆ ಉಳಿಯುತ್ತದೆ.

ರಾತ್ರಿ ಅಕ್ಕನಿಗೆ ಹೇಳಿದೆ. "ಹೇಳಿದರೆ ಬೆಲೆ ಇಳಿಸ್ತಾರಲ್ಲೋ" ಎಂದಳು. ಇಳಿಸುತ್ತಾರೆ, ಅದರಲ್ಲಿ ಸಂದೇಹವಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೊದಲು ನಿಮ್ಮ ಭಾವನ ಪಟ ತಂದು ಹಾಕು. ಬೀರು ಬೆಳಿಗ್ಗೆ ಸರಿಸಿದರಾಯಿತು" ಎಂದಳು.

ಆ ಕೋಣೆಯ ಚಿತ್ರವನ್ನು ಮತ್ತೆ ತೆಗೆಯಲು ತರುಣ ಇನ್ನೊಂದು ದಿನದ ಹಣ ಕೇಳಿದ. ಅದನ್ನು ನಾನೇ ಕೊಟ್ಟೆ.