ಹೆಸರಿನ ಫಲಕವೂ ತೀರದ ಋಣವೂ

ಮಹನೀಯರ ಹೆಸರನ್ನು ಬೀದಿಬದಿಯ ಫಲಕದಲ್ಲಿ ಬರೆಯಿಸುವುದು ಲೋಕರೂಢಿ. ಅಷ್ಟರಿಂದಲೇ ಅವರ ಋಣ ತೀರುವುದೇ ಎಂಬುದು ವಿಚಾರಣೀಯ.

ಕಮಲಾಪುರದಿಂದ ಕಂಪ್ಲಿಗೆ ಹೋಗುವ ದಾರಿಯ ಮಗ್ಗುಲಲ್ಲಿ, ಹಂಪೆಯ ಗಾಣಗಿತ್ತಿ ಬಸದಿಯ ಮುಂದೆ ಏಕಶಿಲಾ ಸ್ತಂಭವೊಂದಿದೆ. ಅದರ ಶಾಸನವು ಸಿಂಹನಂದಿ ಮುನಿಗಳನ್ನು ಒಳಗೊಂಡ ಗುರುಪರಂಪರೆಯನ್ನು ಮೊದಲು ಹೇಳಿ, ಅನಂತರವೇ 1385ರ ಸುಮಾರಿನಲ್ಲಿ ಬಸದಿಯನ್ನು ಕಟ್ಟಿಸಿದ ದಂಡನಾಯಕ ಇರುಗಪ್ಪನನ್ನು ಹೆಸರಿಸುತ್ತದೆ. ಕೊಟ್ಟವನಿಗಿಂತ ಕಲಿಸಿದವನು ಮೊದಲು.

ಈ ಸೀಮೆಯ ಕಲ್ಲುಗಳನ್ನು ಓದಲು ಕಲಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿ, ಅವರು ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ನಾಂದಿ ಹಾಡಿದರು. ಸಂಡೂರಿನ ಬೆಟ್ಟಗಳನ್ನೂ ಒಳಗೊಂಡ ಬಳ್ಳಾರಿ ಸೀಮೆಯ ಭೂರಚನೆಯನ್ನು ಕುರಿತ ಅವರ ಗ್ರಂಥ 1895ರಲ್ಲಿ ಪ್ರಕಟವಾಯಿತು. ಬಳ್ಳಾರಿಯ ವಸ್ತುಸಂಗ್ರಹಾಲಯವೊಂದರ ಫಲಕದಲ್ಲಿ ಇಂದು ಅವರ ಹೆಸರು ಸಂಗನಕಲ್ಲಿನ ಹೆಸರಿನೊಡನೆ ಕೂಡಿದೆ.

ಈ ಗೌರವ ಉಚಿತವಾದುದೇ. ಆದರೆ ನವಶಿಲಾಯುಗದ ಜನ ಕಲ್ಲಿನ ಕೊಡಲಿಗಳನ್ನು ತಯಾರಿಸಿದ ಅದೇ ಸಂಗನಕಲ್ಲಿನ ನೆಲೆಗಳು ಕಲ್ಲುಗಣಿಗಾರಿಕೆಯಿಂದ ಹಾನಿಗೊಂಡಿವೆ. ಸಂಡೂರನ್ನೂ ಒಳಗೊಂಡ ಬಳ್ಳಾರಿ ಜಿಲ್ಲೆಯ ಅದಿರು ಗಣಿಗಾರಿಕೆಯನ್ನು 2011ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ತಡೆಯಬೇಕಾಯಿತು. ಕಾಣಿಸಿದವನ ಹೆಸರನ್ನು ಉಳಿಸಿ, ಕಾಣಿಸಿದುದನ್ನು ಅಳಿಸುವುದು ಕೃತಜ್ಞತೆಯಲ್ಲ.

ಹೊಟ್ಟೆಪಾಡಿಗೆ ಕಲ್ಲು ಒಡೆಯುವವನನ್ನು ದೂರುವುದು ಸುಲಭ. ಆ ಕಲ್ಲು ಸೇರುವುದು ಮನೆಗಳಿಗೆ, ಮಂದಿರಗಳಿಗೆ. ಜೀರ್ಣೋದ್ಧಾರಕ್ಕೆ ಕಲ್ಲು ತರಿಸುವ ಟ್ರಸ್ಟು ಅದು ಯಾವ ಗುಡ್ಡದ್ದೆಂದು ಮೊದಲು ವಿಚಾರಿಸಿದರೆ, ಆ ಒಂದು ಪ್ರಶ್ನೆಯೇ ಫಲಕಕ್ಕಿಂತ ಮೇಲಾದ ಸ್ಮರಣೆ.